ಅರೇಬಿಕ್ ಮೇಷ್ಟ್ರು ಏನು ಕಲಿಸಿದರು?

ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಅಂದಿನಿಂದ ಆ ಕಥೆಗಳ ಬಗ್ಗೆ ಭಾಷಣಗಳಿಗೆ ಕೊರತೆಯಿಲ್ಲ. ನಾನು ಕೂತು ಕೇಳಿದ ಸಂಕಿರಣಗಳಲ್ಲೆಲ್ಲ ಮಾತು ತಲಾಖು, ಮುತವಲ್ಲಿ, ಗಂಡಸಿನ ದರ್ಬಾರು ಇವುಗಳ ಸುತ್ತಲೇ ಇತ್ತು. ಅದರಲ್ಲಿ ತಪ್ಪೇನೂ ಇಲ್ಲ, ಆ ಕಥೆಗಳ ಬೆಂಕಿ ಇರುವುದೇ ಅಲ್ಲಿ. ಆದರೆ ಅರೇಬಿಕ್ ಮೇಷ್ಟ್ರು ಮತ್ತು ಗೋಬಿ ಮಂಚೂರಿಯ ಕಥೆಯ ಪ್ರಸ್ತಾಪ ಬಂದಾಗ ಮಾತ್ರ ಎಲ್ಲರೂ ನಕ್ಕು, ಮುಂದಿನ ಕಥೆಗೆ ಹೋಗಿಬಿಡುತ್ತಾರೆ. ನನಗೆ ಆ ಕಥೆಯನ್ನು ದಾಟಿ ಹೋಗುವುದು ಅಷ್ಟು ಸುಲಭವಾಗಿಲ್ಲ.

ಓದದವರಿಗಾಗಿ ಎರಡು ಮಾತು. ಕೋರ್ಟು ಕಚೇರಿ ಎಂದು ಓಡಾಡುವ ವಕೀಲೆ ತಾಯಿಯೊಬ್ಬಳು ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ಕುರ್‌ಆನ್ ಓದುವುದನ್ನು ಕಲಿಸಲು ಒಬ್ಬ ಎಳೆಯ ಮೇಷ್ಟ್ರನ್ನು ಗೊತ್ತುಮಾಡುತ್ತಾಳೆ. ಆತನಿಗೆ ಗೋಬಿ ಮಂಚೂರಿಯ ಹುಚ್ಚು. ಅದು ಬೆಳೆದು, ಗೋಬಿ ಮಂಚೂರಿ ಮಾಡಬಲ್ಲವಳೇ ಹೆಂಡತಿಯಾಗಬೇಕು ಎನ್ನುವಲ್ಲಿಗೆ ಬರುತ್ತದೆ. ಕೊನೆಗೆ ಆ ಹೆಂಡತಿಯ ಮೇಲೆ ಕೈ ಎತ್ತುವವರೆಗೂ ಹೋಗುತ್ತದೆ. ನಗುತ್ತಿದ್ದ ಓದುಗರ ಬಾಯಿ ತಟಕ್ಕನೆ ಮುಚ್ಚಿಹೋಗುವ ಜಾಗ ಅದು. ಅಕ್ಷರವನ್ನು ಗಂಟಲಿನ ಸರಿಯಾದ ಜಾಗದಿಂದಲೇ ಹೊರಡಿಸಬೇಕೆಂದು ಕಲಿಸುವ ನಾಲಿಗೆಯೇ ಕರಿದ ಹೂಕೋಸಿಗೆ ಸೋತುಬಿಡುತ್ತದೆ. ಓದಿಸಿದ್ದು ಓದಿಸಿದವನೊಳಗೇ ಇಳಿದಿಲ್ಲ ಎಂಬುದನ್ನು ಬಾನು ಉಪದೇಶವಿಲ್ಲದೆ, ಒಂದು ತಿಂಡಿಯ ಮೂಲಕ ಹೇಳಿದ್ದಾರೆ.

ಹಾಗಾದರೆ ಆ ಇಬ್ಬರು ಹುಡುಗಿಯರು ಏನು ಕಲಿತರು? ಕಥೆ ಅದನ್ನು ಹೇಳಬೇಕಾಗಿಲ್ಲ, ಅದರ ಕಣ್ಣು ಮೇಷ್ಟ್ರ ಮೇಲಿದೆ. ಆದರೆ ಕನ್ನಡದ ಮುಸ್ಲಿಂ ಕಥನವನ್ನು ಒಟ್ಟಿಗೆ ಇಟ್ಟುಕೊಂಡು ಓದುತ್ತಿರುವ ನನಗೆ ಮೇಷ್ಟ್ರು, ಮೌಲ್ವಿ, ಮುತವಲ್ಲಿ, ಖಾಜಿ ಎಲ್ಲರೂ ಧಾರಾಳವಾಗಿ ಸಿಗುತ್ತಾರೆ. ಚಾಪೆಯ ಮೇಲೆ ನಿಂತು ತಾನು ಹೇಳುತ್ತಿರುವುದೇನು ಎಂದು ಯೋಚಿಸುವ ಮಗು ಅಪರೂಪ. ಇಬಾದತ್ತಿನ ವಿಧಿಯನ್ನು ಕಲಿಸುವುದು ಬೇರೆ, ಇಬಾದತ್ತಿನ ಮೌಲ್ಯವನ್ನು ಕಲಿಸುವುದು ಬೇರೆ ಎಂದು ಇಸ್ಲಾಮಿ ಶಿಕ್ಷಣದ ಸಭೆಗಳಲ್ಲಿ ಈಗ ಪದೇ ಪದೇ ಕೇಳುತ್ತೇವೆ. ಆ ಮೌಲ್ಯವನ್ನು ಯಾವ ಭಾಷೆಯಲ್ಲಿ ಕಲಿಸಬೇಕು ಎಂಬ ಪ್ರಶ್ನೆ ಮಾತ್ರ ಅಲ್ಲಿ ಏಳುವುದಿಲ್ಲ. ಬೆಂಗಳೂರಿನ ಹೊರವಲಯದಲ್ಲಿ ಈ ಪ್ರಶ್ನೆ ದಿನವೂ ಸಂಜೆ ಐದೂವರೆಗೆ ಏಳುತ್ತದೆ.

ನನ್ನ ಮನೆ ಪೀಣ್ಯದ ಪಕ್ಕ. ಲೇತು, ಪೌಡರ್ ಕೋಟಿಂಗು, ಗಾರ್ಮೆಂಟ್ಸು ನಡುವೆ ಸಿಕ್ಕಿಕೊಂಡಿರುವ ಬೀದಿಗಳಲ್ಲಿ ಒಂದು ಮಸೀದಿ, ಅದರ ಮೇಲಿನ ಮಹಡಿಯಲ್ಲಿ ಮಕ್ತಬ್. ಶಾಲೆ ಮುಗಿಸಿ ಬಂದ ಮಕ್ಕಳು ಮುಖ ತೊಳೆದು, ಟೋಪಿ ಅಥವಾ ದುಪಟ್ಟಾ ಸರಿಮಾಡಿಕೊಂಡು ಉದ್ದನೆಯ ಮಣೆಗಳ ಮುಂದೆ ಕೂರುತ್ತಾರೆ. ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಮನೆಯಲ್ಲಿ ದಖನಿ ಆಡುತ್ತಾರೆ. ಪುತ್ತೂರು, ಬಂಟ್ವಾಳದವರ ಮಕ್ಕಳ ಮನೆಮಾತು ಬ್ಯಾರಿ. ಅಸ್ಸಾಂ, ಬಂಗಾಳದ ಮಕ್ಕಳು ಬಾಂಗ್ಲಾ. ತುಮಕೂರು ಕಡೆಯ ಕೆಲವು ಮನೆಗಳಲ್ಲಿ ಕನ್ನಡವೇ ಮುಂದಾಗಿದೆ. ಪರಸ್ಪರ ಜಗಳವಾಡಲು, ಪೆನ್ಸಿಲ್ ಕೇಳಲು ಇವರೆಲ್ಲರಿಗೂ ಇರುವ ಸಮಾನ ಭಾಷೆ ಶಾಲೆಯ ಕನ್ನಡ. ಹಜರತ್ ಬಂದ ಕೂಡಲೇ ಭಾಷೆ ಉರ್ದುವಾಗುತ್ತದೆ, ಪಾಠ ಅರಬಿಯಾಗುತ್ತದೆ.

ಕಾಯ್ದಾ ಮುಗಿದ ಮೇಲೆ ನಮಾಜಿನ ಪಾಠ. ವುಜೂವಿನಲ್ಲಿ ಕಡ್ಡಾಯ ಎಷ್ಟು, ಸುನ್ನತ್ ಎಷ್ಟು, ಯಾವುದರಿಂದ ವುಜೂ ಮುರಿಯುತ್ತದೆ, ಯಾವ ಹೊತ್ತಿನ ನಮಾಜಿಗೆ ಎಷ್ಟು ರಕಾತ್. ಉತ್ತರ ಭಾರತದಿಂದ ಬಂದ, ಮುಫ್ತಿ ಕಿಫಾಯತುಲ್ಲಾ ಬರೆದ ‘ತಾಲೀಮುಲ್ ಇಸ್ಲಾಂ’ ಎಂಬ ಪ್ರಶ್ನೋತ್ತರದ ಪಠ್ಯ ಇಂಥ ಪಾಠಗಳಿಗೆ ದಾರಿ ಹಾಕಿಕೊಟ್ಟದ್ದು. ಅದರ ಗುಣವನ್ನು ನಾನು ಕಡೆಗಣಿಸುವುದಿಲ್ಲ. ಸಣ್ಣ ಪ್ರಶ್ನೆ, ಸಣ್ಣ ಉತ್ತರ, ಬಾಯಿಗೆ ಹತ್ತುವ ಲಯ. ಬಡವರ ಮಕ್ಕಳಿಗೆ ಖರ್ಚಿಲ್ಲದೆ ಶಿಸ್ತಾದ ಜ್ಞಾನ ಕೊಟ್ಟ ಪುಸ್ತಕ. ಆದರೆ ಆ ಪ್ರಶ್ನೆಗಳೂ ಪುಸ್ತಕದವೇ, ಮಗುವಿನವಲ್ಲ. ಒಂದು ಸಂಜೆ ಏಳೆಂಟು ವರ್ಷದ ಹುಡುಗನೊಬ್ಬ ಕೇಳಿದ: “ಹಜರತ್, ರಕಾತ್ ಅಂದ್ರೆ ಕನ್ನಡದಲ್ಲಿ ಏನು?” ಹಜರತ್ ಒಂದು ಕ್ಷಣ ತಡೆದು, “ರಕಾತ್ ಅಂದ್ರೆ ರಕಾತ್” ಅಂದರು. ಹುಡುಗ ತಲೆಯಾಡಿಸಿ ಕೂತ. ಪರೀಕ್ಷೆಗೆ ಅಷ್ಟು ಸಾಕು.

ಇನ್ನೂ ಒಂದು ಸೂಕ್ಷ್ಮ ಇದೆ. ನಮಾಜಿಗೆ ಮೊದಲು ನಿಯ್ಯತ್, ಅಂದರೆ ಮನಸ್ಸಿನ ಸಂಕಲ್ಪ. ಅದು ಹೃದಯದ ಕೆಲಸವೆಂದು ಧರ್ಮಶಾಸ್ತ್ರದ ಗ್ರಂಥಗಳೇ ಹೇಳುತ್ತವೆ. ನಮ್ಮ ಮಕ್ತಬುಗಳಲ್ಲಿ ಅದಕ್ಕೂ ಉರ್ದುವಿನಲ್ಲಿ ಒಂದು ಸಿದ್ಧ ವಾಕ್ಯವಿದೆ, ಅದನ್ನೂ ಬಾಯಿಪಾಠ ಮಾಡಿಸುತ್ತಾರೆ. ಉರ್ದು ಬಾರದ ಮಗುವಿಗೆ ತನ್ನ ಸಂಕಲ್ಪವೂ ಪರಭಾಷೆಯಲ್ಲಿ ಸಿಗುತ್ತದೆ. ಮನಸ್ಸಿನೊಳಗೆ ತಾನೇ ತಾನಾಗಿ ಹುಟ್ಟಬೇಕಾದದ್ದು ಕೂಡ ಕಂಠಪಾಠದ ಇನ್ನೊಂದು ಸಾಲಾಗುತ್ತದೆ.

ಇನ್ನು ಊರಿನ ಆ ಕಡೆ, ವೈಟ್‌ಫೀಲ್ಡು ಮತ್ತು ಎಲೆಕ್ಟ್ರಾನಿಕ್ ಸಿಟಿ. ಸಾಫ್ಟ್‌ವೇರ್ ಕೆಲಸದ ತಂದೆತಾಯಿಯರು ಮಕ್ಕಳನ್ನು ಮಸೀದಿಯ ಮಹಡಿಗೆ ಕಳಿಸುವುದು ಕಡಿಮೆ. ವಾರಾಂತ್ಯದ ಇಸ್ಲಾಮಿಕ್ ತರಗತಿ, ಇಲ್ಲವೆ ಲ್ಯಾಪ್‌ಟಾಪಿನಲ್ಲಿ ಬರುವ ಕುರ್‌ಆನ್ ಟ್ಯೂಟರ್. ಭಾಷೆ ಇಂಗ್ಲಿಷ್. ಬಣ್ಣದ ವರ್ಕ್‌ಶೀಟು, ನಮಾಜಿನ ಚಾರ್ಟು, ಐದು ಹೊತ್ತಿಗೆ ಐದು ನಕ್ಷತ್ರ. ಇಲ್ಲಿ ಬೆತ್ತವಿಲ್ಲ, ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲಿ ಕೂರುತ್ತಾರೆ, ಕಲಿಸುವ ಆಪಾ ಪದವೀಧರೆ, ಪ್ರಶ್ನೆಗೆ ಸ್ವಾಗತವಿದೆ. ಇದೆಲ್ಲ ಒಳ್ಳೆಯದೇ. ಮೌಲ್ಯ ಎಂಬ ಶಬ್ದವೂ ಇಲ್ಲಿ ಗೋಡೆಯ ಮೇಲೆಯೇ ಇದೆ. ಆದರೆ ಆ ಮೌಲ್ಯ ಯಾವುದು? ನಮಾಜು ಯಾಕೆ ಅಂದರೆ ಟೈಮ್ ಮ್ಯಾನೇಜ್‌ಮೆಂಟ್. ವುಜೂ ಯಾಕೆ ಅಂದರೆ ಹೈಜೀನ್. ರೋಜಾ ಯಾಕೆ ಅಂದರೆ ದೇಹ ಶುದ್ಧಿ. ಸಜ್ದಾ ಮಾಡಿದರೆ ಮಿದುಳಿಗೆ ರಕ್ತ ಚೆನ್ನಾಗಿ ಹರಿಯುತ್ತದಂತೆ. (ಸೂರ್ಯನಮಸ್ಕಾರಕ್ಕೂ ಇದೇ ವಿವರಣೆ ಕೊಡುವುದನ್ನು ಕೇಳಿದ್ದೇನೆ. ಈ ವಿಷಯದಲ್ಲಿ ನಮ್ಮ ಎಲ್ಲ ಧರ್ಮಗಳೂ ಒಂದಾಗಿವೆ.)

ಪೀಣ್ಯದ ಪಾಠಕ್ಕಿಂತ ಇದು ಹೆಚ್ಚು ಆಧುನಿಕವಾಗಿ ಕಾಣುತ್ತದೆ. ನನಗೆ ಮಾತ್ರ ಇದು ಹೆಚ್ಚು ಬಡವಾಗಿ ಕಂಡಿದೆ. ‘ರಕಾತ್ ಅಂದ್ರೆ ರಕಾತ್’ ಎಂಬ ಉತ್ತರದಲ್ಲಿ ಕನಿಷ್ಠ ಆ ಶಬ್ದಕ್ಕೆ ಬೇರೆ ಯಾವುದೂ ಬದಲಿಯಾಗದು ಎಂಬ ಮೊಂಡು ಗೌರವವಿದೆ. ಲಾಭದ ವಿವರಣೆಯಲ್ಲಿ ಅದೂ ಉಳಿಯುವುದಿಲ್ಲ. ನಮಾಜು ಸಮಯಪಾಲನೆಗಾಗಿ ಎಂದಾದರೆ ಅದಕ್ಕಿಂತ ಒಳ್ಳೆಯ ಆ್ಯಪ್ ಸಿಕ್ಕ ದಿನ ನಮಾಜು ಬೇಡವಾಗುತ್ತದೆ. ಅರಬಿಯಲ್ಲಿ ‘ಇಬಾದತ್’ ಶಬ್ದದ ಬೇರು ‘ಅಬ್ದ್’, ಅಂದರೆ ದಾಸ. ದಾಸನಾಗುವುದನ್ನು ಹಗಲೂ ರಾತ್ರಿ ಕಂಪನಿಗೆ ದುಡಿಯುವ ಜನರಿಗೆ ವಿವರಿಸುವುದು ಕಷ್ಟ, ಹಾಗಾಗಿ ಅದನ್ನು ಕಂಪನಿಯ ಭಾಷೆಗೇ ಇಳಿಸಿಬಿಟ್ಟಿದ್ದೇವೆ. ದೇವರೆದುರು ಮಾತ್ರ ದಾಸನಾದವನು ಇನ್ನಾರ ಎದುರೂ ತಲೆಬಾಗಬೇಕಾಗಿಲ್ಲ ಎಂಬ ಅದರ ಇನ್ನೊಂದು ಮುಖವನ್ನು ಐಟಿ ಪಾರ್ಕಿನ ಪಕ್ಕದಲ್ಲಿ ಯಾರೂ ಕಲಿಸಿದ್ದನ್ನು ನಾನು ಕೇಳಿಲ್ಲ.

ಈ ಎರಡರ ನಡುವೆ ಮೂರನೆಯದೊಂದು ದಾರಿ ಹೊಸದಾಗಿ ಹುಡುಕಬೇಕಾದದ್ದೇನಲ್ಲ. 1111ರಲ್ಲಿ ತೀರಿಕೊಂಡ ಇಮಾಂ ಗಜಾಲಿ ತಮ್ಮ ‘ಇಹ್ಯಾ’ ಗ್ರಂಥದ ಮೊದಲ ಕಾಲು ಭಾಗವನ್ನು ಇಬಾದತ್ತಿಗೇ ಮೀಸಲಿಟ್ಟರು. ನಮಾಜಿನ ರಹಸ್ಯಗಳ ಬಗೆಗಿನ ಅಧ್ಯಾಯದಲ್ಲಿ ನಮಾಜಿಗೆ ಜೀವ ತುಂಬುವ ಆರು ಸಂಗತಿಗಳನ್ನು ಹೇಳುತ್ತಾರೆ. ಮೊದಲನೆಯದು ಮನಸ್ಸು ಅಲ್ಲಿ ಹಾಜರಿರುವುದು. ಎರಡನೆಯದು ಆಡುತ್ತಿರುವ ಮಾತು ತಿಳಿಯುವುದು. ಗೌರವ, ಅಂಜಿಕೆ, ಭರವಸೆ, ನಾಚಿಕೆ ಇವೆಲ್ಲ ಆಮೇಲೆ ಬರುತ್ತವೆ. ತಿಳಿವಳಿಕೆಯನ್ನು ಅವರು ಅಂಜಿಕೆಗಿಂತ ಮುಂಚೆ ಇಟ್ಟಿದ್ದಾರೆ ಎಂಬುದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ನಮ್ಮ ಮಕ್ತಬ್ ಅಂಜಿಕೆಯಿಂದ ಶುರುಮಾಡುತ್ತದೆ, ವಾರಾಂತ್ಯದ ತರಗತಿ ಭರವಸೆಯಿಂದ. ಕುರ್‌ಆನಿನ 107ನೆಯ ಅಧ್ಯಾಯ ಅಲ್ ಮಾಊನ್ ಮಕ್ಕಳು ಮೊದಮೊದಲು ಕಲಿಯುವ ಪುಟ್ಟ ಸೂರಾಗಳಲ್ಲಿ ಒಂದು. ನಮಾಜು ಮಾಡುತ್ತಲೇ ಅದರ ಬಗ್ಗೆ ಮೈಮರೆತವರನ್ನು, ತೋರಿಕೆಗೆ ಮಾಡುವವರನ್ನು, ನೆರೆಯವರಿಗೆ ಸಣ್ಣಪುಟ್ಟ ಸಾಮಾನನ್ನೂ ಕೊಡದವರನ್ನು ಅದು ಒಂದೇ ಉಸಿರಿನಲ್ಲಿ ಗದರಿಸುತ್ತದೆ. ಇಬಾದತ್ತಿನ ಮೌಲ್ಯದ ಪಾಠಕ್ಕೆ ಇದಕ್ಕಿಂತ ಚಿಕ್ಕ ಪಠ್ಯ ಸಿಗಲಿಕ್ಕಿಲ್ಲ. ಸಾವಿರಾರು ಮಕ್ಕಳು ಅದನ್ನು ಒಂದೂ ಸ್ವರ ತಪ್ಪದೆ ಒಪ್ಪಿಸಬಲ್ಲರು.

ಆ ಅರ್ಥವನ್ನು ಪೀಣ್ಯದ ಹುಡುಗನಿಗೆ ಕನ್ನಡದಲ್ಲಿ ಹೇಳಲು ಹೊರಟರೆ ಕೈಗೆ ಏನು ಸಿಗುತ್ತದೆ? ಮಂಗಳೂರಿನ ಶಾಂತಿ ಪ್ರಕಾಶನ ದಶಕಗಳಿಂದ ಕುರ್‌ಆನ್ ಅನುವಾದ, ಪ್ರವಾದಿ ಚರಿತ್ರೆ, ಹದೀಸ್ ಸಂಗ್ರಹಗಳನ್ನು ಕನ್ನಡದಲ್ಲಿ ತರುತ್ತಿದೆ. ‘ಸನ್ಮಾರ್ಗ’ ವಾರಪತ್ರಿಕೆ ಇದೆ. ಅಬ್ದುಸ್ಸಲಾಮ್ ಪುತ್ತಿಗೆಯವರ ಅನುವಾದವಿದೆ. ಇವರೆಲ್ಲ ಸೇರಿ ಕನ್ನಡಕ್ಕೆ ಒಂದು ಇಸ್ಲಾಮಿ ಗದ್ಯವನ್ನು ಕಟ್ಟಿಕೊಟ್ಟಿದ್ದಾರೆ, ಅದು ಸಣ್ಣ ಕೆಲಸವಲ್ಲ. ಪೂಜೆ ಎನ್ನದೆ ಆರಾಧನೆ ಎನ್ನುವುದು, ವಿಶ್ವಾಸಿ, ಪರಲೋಕ, ದೇವಭಯ ಮುಂತಾದ ಶಬ್ದಗಳನ್ನು ಹೊಸ ಅರ್ಥಕ್ಕೆ ಒಗ್ಗಿಸುವುದು, ಇದರ ಹಿಂದೆ ಬಹಳ ಯೋಚನೆಯಿದೆ. ಆದರೆ ನಾನು ಓದಿದಷ್ಟರಲ್ಲಿ ಈ ಗದ್ಯದ ಮುಖ ಹೆಚ್ಚಾಗಿ ಹೊರಗಡೆಗಿದೆ. ನೆರೆಮನೆಯ ಓದು ಬಲ್ಲ ಹಿರಿಯರಿಗೆ ಇಸ್ಲಾಮನ್ನು ಪರಿಚಯಿಸುವ ಸೌಜನ್ಯದ ದನಿ ಅದು. ಎಂಟು ವರ್ಷದ ಹುಡುಗನನ್ನು ಎದುರಿಗೆ ಕೂರಿಸಿಕೊಂಡು ಆಡಿದ ದನಿಯಲ್ಲ. ‘ಆರಾಧನೆ’ ಎಂದರೇನೆಂದು ಆ ಹುಡುಗನಿಗೆ ಮತ್ತೆ ವಿವರಿಸಬೇಕು.

ಇತ್ತ ಕಥೆ, ಕಾದಂಬರಿಗಳು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕೃತಿಯನ್ನು ನಾವು ತಲಾಖಿನ ಕಾದಂಬರಿ ಎಂದು ಓದಿ ಮುಗಿಸುತ್ತೇವೆ. ಅದನ್ನು ಶಿಕ್ಷಣದ ಕಾದಂಬರಿಯಾಗಿಯೂ ಓದಬಹುದು. ಅಲ್ಲಿ ನಿಯಮ ಎಲ್ಲರಿಗೂ ಗೊತ್ತು. ಗಂಡನ ಬಳಿಗೆ ಮರಳಬೇಕಾದರೆ ನಾದಿರಾ ಮೊದಲು ಮತ್ತೊಬ್ಬನನ್ನು ಮದುವೆಯಾಗಬೇಕೆಂಬುದನ್ನು ಊರಿಗೆ ಊರೇ ಬಾಯಿಪಾಠವಾಗಿ ಬಲ್ಲದು. ಆ ನಿಯಮ ಆತುರದ ಗಂಡಸಿಗೆ ಹಾಕಿದ ಕಡಿವಾಣವೋ ಹೆಣ್ಣಿಗೆ ಕೊಟ್ಟ ಶಿಕ್ಷೆಯೋ ಎಂದು ಕೇಳುವ ಶಿಕ್ಷಣ ಯಾರಿಗೂ ಸಿಕ್ಕಿಲ್ಲ. ವಿಧಿಯನ್ನು ಮಾತ್ರ ಕಲಿತ ಸಮಾಜ ಒಬ್ಬ ಹುಡುಗಿಯನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಕಠೋರ ಸಾಕ್ಷಿ ಇಲ್ಲ. ಮಕ್ತಬಿನ ಮಣೆ ಮತ್ತು ನಾದಿರಾಳ ನಡುವೆ ನಾವು ಅಂದುಕೊಂಡಷ್ಟು ದೂರವಿಲ್ಲ.

ಬೊಳುವಾರು ಮಹಮದ್ ಕುಂಞಿ ಅವರದು ಬೇರೆ ದಾರಿ. ಪ್ರವಾದಿಯವರ ಬದುಕನ್ನು ಕುರಿತ ಕಾದಂಬರಿಗೆ ಅವರು ಇಟ್ಟ ಹೆಸರು ‘ಓದಿರಿ’. ಮೊದಲ ವಹಿಯ ಮೊದಲ ಶಬ್ದ ‘ಇಕ್ರಾ’. ಅರಬಿಯಲ್ಲಿ ಅದು ಒಬ್ಬನಿಗೇ ಹೇಳಿದ ಆಜ್ಞೆ. ಕನ್ನಡದಲ್ಲಿ ಅದು ಗೌರವ ಸೂಚಕವಾಗಿ, ಬಹುವಚನವೂ ಆಗಿ, ಓದುಗರೆಲ್ಲರನ್ನೂ ಒಳಗೆ ಕರೆದುಕೊಂಡಿತು. ಒಂದು ‘ಇರಿ’ ಪ್ರತ್ಯಯ ಇಷ್ಟು ಕೆಲಸ ಮಾಡಬಲ್ಲುದು. ಭಾಷೆ ಬದಲಾದಾಗ ಅರ್ಥ ಕಳೆದೇಹೋಗುತ್ತದೆ ಎಂದು ಹೆದರುವ ಹಜರತರಿಗೆ ನಾನು ಈ ಶೀರ್ಷಿಕೆಯನ್ನು ತೋರಿಸಬಯಸುತ್ತೇನೆ.

ನಮಾಜನ್ನೇ ಕನ್ನಡದಲ್ಲಿ ಮಾಡಬೇಕೆಂದು ನಾನು ವಾದಿಸುತ್ತಿಲ್ಲ. ಇಮಾಂ ಅಬೂ ಹನೀಫಾ ಪಾರಸಿಯಲ್ಲಿ ಓದುವುದಕ್ಕೆ ಅವಕಾಶ ಕೊಟ್ಟಿದ್ದರ ಚರ್ಚೆ ಶಾಸ್ತ್ರಗ್ರಂಥಗಳಲ್ಲಿದೆ, ಅದನ್ನು ಬಲ್ಲವರಿಗೇ ಬಿಡುತ್ತೇನೆ. ಪೀಣ್ಯದ ಲೇತಿನ ಹುಡುಗನೂ ಇಂಡೋನೇಷ್ಯದ ಮೀನುಗಾರನೂ ಒಂದೇ ಶಬ್ದದಲ್ಲಿ ಬಾಗುತ್ತಾರೆಂಬುದರಲ್ಲಿ ಒಂದು ಸೊಗಸಿದೆ. ನನ್ನ ಮಾತು ವಿವರಣೆಯ ಬಗ್ಗೆ, ಮತ್ತು ದುಆ ಬಗ್ಗೆ. ನಮಾಜಿನ ಹೊರಗೆ, ಕೈ ಎತ್ತಿ ಬೇಡಿಕೊಳ್ಳುವ ದುಆ ಯಾವ ಭಾಷೆಯಲ್ಲಾದರೂ ಇರಬಹುದು, ಇದಕ್ಕೆ ಯಾರ ತಕರಾರೂ ಇಲ್ಲ. ಆದರೂ ಮಕ್ತಬಿನಲ್ಲಿ ಊಟದ ದುಆ, ನಿದ್ದೆಯ ದುಆ, ಪ್ರಯಾಣದ ದುಆ ಎಂದು ಅರಬಿಯ ಪಟ್ಟಿಯೇ ಕಲಿಕೆಯಾಗುತ್ತದೆ. ಬೇಡಿಕೊಳ್ಳುವುದನ್ನು ಕಲಿಸುವುದಿಲ್ಲ, ಬೇಡಿಕೆಯನ್ನು ಬಾಯಿಪಾಠ ಮಾಡಿಸುತ್ತಾರೆ.

ಕನ್ನಡದಲ್ಲಿ ದುಆ ಹೇಗಿರಬಹುದು ಎಂಬುದಕ್ಕೆ ಉತ್ತರ ಸಾಹಿತ್ಯದಲ್ಲಿ ಆಗಲೇ ಬಂದುಬಿಟ್ಟಿದೆ. ಬಾನು ಅವರದೇ ‘ಒಮ್ಮೆ ಹೆಣ್ಣಾಗು ಪ್ರಭುವೇ’. ಅದನ್ನು ಬಂಡಾಯದ ಕಥೆ ಎಂದು ಕರೆದಿದ್ದೇವೆ. ರೂಪದಲ್ಲಿ ಅದು ದುಆ. ನೊಂದ ಹೆಣ್ಣೊಬ್ಬಳು ತನ್ನನ್ನು ಸೃಷ್ಟಿಸಿದವನಿಗೆ ನೇರವಾಗಿ, ಮಧ್ಯಸ್ಥರಿಲ್ಲದೆ, ತನ್ನ ಮಾತಿನಲ್ಲಿ ಮೊರೆಯಿಡುತ್ತಾಳೆ, ಜಗಳಕ್ಕೂ ನಿಲ್ಲುತ್ತಾಳೆ. ಶೀರ್ಷಿಕೆಯಲ್ಲಿ ಆರಿಸಿಕೊಂಡ ಶಬ್ದವನ್ನು ಗಮನಿಸಿ: ಪ್ರಭು. ದೇವರನ್ನು ತರಾಟೆಗೆ ತೆಗೆದುಕೊಳ್ಳುವ ಸಲಿಗೆಯನ್ನು ವಚನಕಾರರು, ದಾಸರು, ಶಿಶುನಾಳ ಶರೀಫರು ಕನ್ನಡಕ್ಕೆ ಕೊಟ್ಟುಹೋಗಿದ್ದರು. ಬಾನು ಅದನ್ನು ಮುಸ್ಲಿಂ ಹೆಣ್ಣಿನ ಬಾಯಿಗೆ ತಂದರು. ಗಜಾಲಿ ಹೇಳಿದ ಮನಸ್ಸಿನ ಹಾಜರಿ ಅಲ್ಲಿ ಪೂರ್ತಿ ಇದೆ. ನನಗಿರುವ ಒಂದೇ ಕೊರಗು, ಈ ಭಾಷೆ ನಮ್ಮ ಕಥನದಲ್ಲಿ ಸಂಕಟದ ತುದಿ ಮುಟ್ಟಿದಾಗ ಮಾತ್ರ ಹೊರಡುತ್ತದೆ. ಕೃತಜ್ಞತೆಗೆ, ಸಣ್ಣ ಆಸೆಗೆ, ಮಂಗಳವಾರದ ಸಂಜೆಗೆ ಅದು ಇನ್ನೂ ಒದಗಿಬಂದಿಲ್ಲ. ಆ ಸಂಜೆಗಳನ್ನು ಬರೆಯುವ ಕಥೆಗಾರರಿಗಾಗಿ ನಾನು ಕಾಯುತ್ತಿದ್ದೇನೆ.

2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ ಅವರು ಮದರಸಾಗಳಲ್ಲಿ ಕನ್ನಡ ಕಲಿಸುವ ಯೋಜನೆಯನ್ನು ಪ್ರಕಟಿಸಿದಾಗ ಪರ ವಿರೋಧ ಎರಡೂ ಕೇಳಿಬಂದವು. ನಾನು ಪರ. ಆದರೆ ಅಲ್ಲಿಯೂ ಕನ್ನಡದ ಪ್ರಯೋಜನವಾಗಿ ಕೇಳಿಬಂದದ್ದು ವ್ಯವಹಾರ, ನೌಕರಿ, ಸೌಹಾರ್ದ. ಮಹಡಿಯ ಮೇಲೆ ಒಂದು ಗಂಟೆ ಅರಬಿ, ಒಂದು ಗಂಟೆ ಕನ್ನಡ ಎಂದು ಪಕ್ಕಪಕ್ಕದಲ್ಲಿ ಇಟ್ಟರೆ ಎರಡೂ ಒಂದನ್ನೊಂದು ನೋಡದೆ ಮುಗಿದುಹೋಗುತ್ತವೆ. ಆ ಅರಬಿಯ ಗಂಟೆಯೊಳಗೆ ಕನ್ನಡ ಬರಬೇಕು, ಅಲ್ ಮಾಊನ್ ಅರ್ಥ ಕೇಳುವ ಹುಡುಗನಿಗೆ ಅವನ ಆಟದ ಭಾಷೆಯಲ್ಲಿ ಉತ್ತರ ಸಿಗಬೇಕು. ಅದಕ್ಕೆ ಸರ್ಕಾರದ ಯೋಜನೆಗಿಂತ ಹಜರತರ ಧೈರ್ಯ ಬೇಕು. ಹಜರತರಿಗೆ ಕೊಡುವ ಸಂಬಳವನ್ನು ನೋಡಿದರೆ ಅವರಿಂದ ಇನ್ನಷ್ಟು ಧೈರ್ಯ ಕೇಳಲು ನನಗೇ ಸಂಕೋಚ.

ಆದರೂ ಒಬ್ಬರಲ್ಲಿ ನಾನು ಅದನ್ನು ಕಂಡೆ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ, ವೈಟ್‌ಫೀಲ್ಡ್ ಕಡೆಯ ಬಡಾವಣೆಗಳು ಟ್ಯಾಂಕರಿಗೆ ಕಾಯುತ್ತಿದ್ದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡವೆಂದು ಜಲಮಂಡಳಿ ಹೇಳಿತು. ಅದೇ ತಿಂಗಳ 12ರಂದು ರಮಜಾನ್ ಶುರುವಾಯಿತು. ಐದು ಹೊತ್ತು ವುಜೂ, ತರಾವೀಹಿಗೆ ತುಂಬುವ ಮಸೀದಿ, ಖಾಲಿ ಸಂಪು. ವೈಟ್‌ಫೀಲ್ಡಿನ ಬೆನ್ನಿಗಿರುವ ಒಂದು ಹಳ್ಳಿಯ, ಕೂಲಿಕಾರರ ಮಕ್ಕಳೇ ಹೆಚ್ಚಾಗಿದ್ದ ಮಕ್ತಬಿನಲ್ಲಿ ಹಾಸನ ಕಡೆಯ ಹಜರತ್ ಒಬ್ಬರಿದ್ದರು. ಕನ್ನಡ ಮೀಡಿಯಮ್ಮಿನಲ್ಲಿ ಹತ್ತನೆಯ ತರಗತಿವರೆಗೆ ಓದಿ, ಆಮೇಲೆ ನಾಗವಾರ ರಸ್ತೆಯ ಅರೇಬಿಕ್ ಕಾಲೇಜಿನಲ್ಲಿ ಓದಿದವರು. ಅವರು ಪ್ಲಾಸ್ಟಿಕ್ ಜಗ್ಗೊಂದನ್ನು ಮಕ್ಕಳ ಮುಂದಿಟ್ಟು, ಪ್ರವಾದಿಯವರು ವುಜೂ ಮಾಡುತ್ತಿದ್ದದ್ದು ಒಂದು ಮುದ್ದ್ ನೀರಿನಲ್ಲಿ, ಅಂದರೆ ಎರಡು ಕೈ ಜೋಡಿಸಿದ ಒಂದು ಬೊಗಸೆ ಎಂದು ಕನ್ನಡದಲ್ಲಿ ಹೇಳಿದರು. ಹರಿಯುವ ಹೊಳೆಯ ದಡದಲ್ಲಿದ್ದರೂ ನೀರು ಪೋಲು ಮಾಡಬಾರದು ಎಂಬ ಹದೀಸನ್ನೂ ಹೇಳಿದರು. “ನಿಮ್ಮಮ್ಮ ಕೊಡ ಹಿಡಿದು ನಿಂತಿರೋ ಲೈನ್ ನೋಡಿದೀರಲ್ಲ? ಇಲ್ಲಿ ನಲ್ಲಿ ಬಿಟ್ಟು ಚೆಲ್ಲಿದ್ರೆ ಆ ಕೊಡದಿಂದ ತಗೊಂಡಂಗೆ.” ಮಕ್ಕಳು ಒಬ್ಬೊಬ್ಬರಾಗಿ ಬಂದು ಜಗ್ಗಿನ ನೀರಿನಲ್ಲಿ ವುಜೂ ಮಾಡಿದರು. ಚೆಲ್ಲಿದವರನ್ನು ಉಳಿದವರು ಗದರಿದರು. ಕಡ್ಡಾಯ ನಾಲ್ಕು, ಯಾವುವು ಎಂದು ಆಮೇಲೆ ಕೇಳಿದಾಗ ಎಲ್ಲರಿಗೂ ಗೊತ್ತಿತ್ತು.

ಪಾಠ ಮುಗಿಯುವ ಮುಂಚೆ ಹಜರತ್ ಕೈ ಎತ್ತಲು ಹೇಳಿ, ಇವತ್ತು ನಿಮಗೆ ಬೇಕಾದ್ದು ನಿಮ್ಮ ಮಾತಲ್ಲೇ ಕೇಳಿ ಅಂದರು. ಮಕ್ಕಳು ಮುಖ ಮುಖ ನೋಡಿಕೊಂಡರು. ಒಬ್ಬಳು ಟ್ಯಾಂಕರು ಬೇಗ ಬರಲಿ ಎಂದು ಕನ್ನಡದಲ್ಲಿ ಕೇಳಿಕೊಂಡಳು. ಇನ್ನೊಬ್ಬ ಅಪ್ಪನ ನೈಟ್ ಶಿಫ್ಟು ಈದ್ ಒಳಗೆ ಮುಗಿಯಲಿ ಎಂದು ದಖನಿಯಲ್ಲಿ. ಕೊನೆಯ ಸಾಲಿನ ಹುಡುಗನೊಬ್ಬ ಬಾಂಗ್ಲಾದಲ್ಲಿ ಏನೋ ಹೇಳಿದ, ಸ್ವಲ್ಪ ಉದ್ದವಾಗಿಯೇ ಹೇಳಿದ. ಅಲ್ಲಿದ್ದ ಯಾರಿಗೂ ಅದು ಅರ್ಥವಾಗಲಿಲ್ಲ. ಹಜರತ್ ಅವನು ಮುಗಿಸುವವರೆಗೆ ಕಾದು ಆಮೀನ್ ಅಂದರು, ಮಕ್ಕಳೂ ಅಂದರು, ಆಮೇಲೆ ಹಾಜರಿ ಪುಸ್ತಕ ತೆಗೆದರು.